ನೆಲದ ಗುಣವನ್ನರಿತು ಲೋಹವನ್ನು ಶೋಧಿಸುವ ಕ್ರಮ

ಹೊಲದಲ್ಲಿ ಕೆಲಸ ಮಾಡುವಾಗ ನೇಗಿಲ ಗುಳ, ಕುಡುಗೋಲು, ಸುತ್ತಿಗೆ, ಬಂಡಿಯ ಕಡಾಣಿ ಮುಂತಾದ ಸಾಮಾನುಗಳು ಜಾರಿಬಿದ್ದು ಮಣ್ಣಿನಲ್ಲಿ ಮರೆಯಾಗುವುದು ಎಲ್ಲ ದೇಶಗಳ ಒಕ್ಕಲಿಗರಿಗೂ ಅನುಭವದಲ್ಲಿರುವ ಸಂಗತಿಯಾಗಿದೆ. 1992ನೆಯ ಇಸವಿ ನವೆಂಬರ್ 16ರಂದು ಇಂಗ್ಲೆಂಡಿನ ಸಫೊಕ್ ಪ್ರಾಂತದ ಹಾಕ್ಸನ್ ಎಂಬ ಗ್ರಾಮದಲ್ಲಿ ಒಬ್ಬ ಗೇಣಿದಾರನು ತನ್ನ ಹೊಲದಲ್ಲಿ ಸುತ್ತಿಗೆಯೊಂದನ್ನು ಕಳೆದುಕೊಂಡು, ಅದನ್ನು ಹುಡುಕಿಕೊಡುವಂತೆ ತನ್ನ ಸ್ನೇಹಿತನನ್ನು ಕೇಳಿಕೊಂಡನು. ಆ ಸ್ನೇಹಿತನು ಕೆಲಸದಿಂದ ನಿವೃತ್ತನಾದ ತೋಟಗಾರ. ನಿವೃತ್ತಿಯ ಕಾಲದಲ್ಲಿ ಅವನಿಗೆ ಲೋಹಶೋಧಕ ಯಂತ್ರವೊಂದು ಉಡುಗೊರೆಯಾಗಿ ಬಂದಿತ್ತು. ಯಂತ್ರವನ್ನು ಹಿಡಿದು ಹೊಲದಲ್ಲಿ ನಡೆಯುತ್ತಿದ್ದಾಗ ಅದು ಬಲವಾಗಿ ನಾದ ಮಾಡಿತು. ಅಗೆದು ನೋಡಲಾಗಿ ಬೆಳ್ಳಿಯ ಚಮಚಗಳೂ ಚಿನ್ನದ ಒಡವೆಗಳೂ ನಾಣ್ಯಗಳೂ ಕಾಣಿಸಿದುವು. ಅವರಿಬ್ಬರೂ ಆಸೆಯಿಂದ ಎಲ್ಲವನ್ನೂ ಕಿತ್ತು ತೆಗೆಯದೆ, ಸ್ವಲ್ಪ ತೆಗೆದೊಡನೆಯೇ ಕೈನಿಲ್ಲಿಸಿ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದರು. ಮರುದಿನ ಪ್ರಾಕ್ತನ ಶೋಧನೆಯವರು ಬಂದು ಒಂದೇ ದಿನದಲ್ಲಿ ಕ್ರಮವಾಗಿ ಅಗೆದು, 14,865 ರೋಮನ್ ನಾಣ್ಯಗಳನ್ನೂ ಸುಮಾರು 200 ಬೆಳ್ಳಿ ಬಂಗಾರದ ಪದಾರ್ಥಗಳನ್ನೂ ಹೊರತೆಗೆದರು. ವಸ್ತುಗಳು ಇದ್ದ ಸ್ಥಾನ ಕದಲದೆ ಉಳಿದಿದ್ದುದರಿಂದ, ಅವೆಲ್ಲವೂ ಓಕ್ ಮರದ ಪೆಟ್ಟಿಗೆಯೊಂದರಲ್ಲಿ ಹೊಂದಿಸಿಡಲ್ಪಟ್ಟಿದ್ದುವೆಂಬುದು ಕೂಡ ಗೊತ್ತಾಯಿತು. ಕಳೆದುಹೋಗಿದ್ದ ಸುತ್ತಿಗೆಯೂ ಸಿಕ್ಕಿತು. ಅದು ಕೂಡ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸಂಗ್ರಹದಲ್ಲಿದೆ.

ಈ ನಿಧಿಯಲ್ಲಿ ಮೆಣಸಿನ ಪುಡಿಯನ್ನು ಉದುರಿಸುವ ನಾಲ್ಕು ಬೆಳ್ಳಿಯ ಭರಣಿಗಳಿದ್ದುವು. ಆ ಕಾಲದಲ್ಲಿ ರೋಮಿನವರಿಗೆ ಕರಿಮೆಣಸು ದೊರೆಯುತ್ತಿದ್ದುದು ಭಾರತದ ಪಶ್ಚಿಮ ಕರಾವಳಿಯಿಂದ. ಸಾವಿರದ ಆರುನೂರು ವರ್ಷಗಳ ಹಿಂದೆ ಈ ಕಡೆಯ ಬಳ್ಳಿಯ ಫಲವು ಅಷ್ಟು ದೂರದ ಮನೆಯ ಊಟದ ಮೇಜನ್ನು ಸೇರಿತ್ತೆಂಬುದು, ಒಬ್ಬ ಒಕ್ಕಲಿಗನು ಕೈ ತಡೆದು ನಿಂತುದರಿಂದ ಇನ್ನಷ್ಟು ಸ್ಪಷ್ಟವಾಯಿತು.

ಲೋಹಶೋಧಕ ಯಂತ್ರಗಳು ಈಗ ಭಾರತದಲ್ಲಿಯೂ ಕೊಂಡುಕೊಳ್ಳಲು ಸಿಕ್ಕುತ್ತವೆ. ಅವುಗಳಿಂದ ವ್ಯವಸಾಯಗಾರರಿಗೆ ಉಪಯೋಗವೂ ಉಂಟು, ಮೋಸದ ಜನರ ಕೈಗೆ ಬಿದ್ದರೆ ಹಾನಿಯೂ ಉಂಟು. ಆದಕಾರಣ ಈ ಯಂತ್ರವು ಯಾವ ನೆಲದಲ್ಲಿ ಹೇಗೆ ವರ್ತಿಸುವುದು, ಏನನ್ನು ತೋರಿಸಬಲ್ಲುದು, ಏನನ್ನು ತೋರಿಸಲಾರದು ಎಂಬುದನ್ನು ಗ್ರಾಮಮುಖಂಡರೂ ಜಮೀನಿನ ಯಜಮಾನರೂ ತಿಳಿದಿರುವುದು ಅವಶ್ಯಕವಾಗಿದೆ.

ಯಂತ್ರದ ತತ್ತ್ವ

ಒಂದು ಕೋಲಿನ ತುದಿಯಲ್ಲಿ ತಟ್ಟೆಯಂತಿರುವ ತಂತಿಯ ಸುರುಳಿಯೇ ಈ ಯಂತ್ರದ ಮುಖ್ಯ ಭಾಗ. ಅದರಲ್ಲಿ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಾಯಿಸುತ್ತ ಹರಿಯುವುದು. ಇದರಿಂದ ಸುರುಳಿಯ ಸುತ್ತಲೂ ಆಯಸ್ಕಾಂತಶಕ್ತಿಯ ಕ್ಷೇತ್ರವೊಂದು ಉಂಟಾಗಿ ನೆಲದೊಳಕ್ಕೆ ಇಳಿಯುತ್ತದೆ. ಕೆಳಗೆ ಲೋಹವಿದ್ದರೆ ಅದರಲ್ಲಿ ಸಣ್ಣ ವಿದ್ಯುತ್ಪ್ರವಾಹಗಳು ಸುಳಿಯಂತೆ ಹುಟ್ಟಿ, ತಮ್ಮದೇ ಆದ ಕ್ಷೇತ್ರವನ್ನು ಹಿಂದಕ್ಕೆ ಕಳುಹಿಸುವುವು. ತಟ್ಟೆಯಲ್ಲಿರುವ ಎರಡನೆಯ ಸುರುಳಿಯು ಇದನ್ನು ಗ್ರಹಿಸಿ ಶಬ್ದವಾಗಿ ಕೇಳಿಸುತ್ತದೆ.

ಈ ತತ್ತ್ವವು ಹೊಸದಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡನಿಗೆ ಗುಂಡೇಟು ತಗಲಿದಾಗ, ಟೆಲಿಫೋನನ್ನು ನಿರ್ಮಿಸಿದ ಅಲೆಗ್ಸಾಂಡರ್ ಗ್ರಹಾಂ ಬೆಲ್ಲನು ಇಂಥ ಉಪಕರಣದಿಂದ ಶರೀರದೊಳಗಿನ ಗುಂಡನ್ನು ಹುಡುಕಲು ಪ್ರಯತ್ನಿಸಿದನು. ಮಂಚದಲ್ಲಿದ್ದ ಉಕ್ಕಿನ ಸ್ಪ್ರಿಂಗುಗಳು ಉಪಕರಣವನ್ನು ತಪ್ಪುದಾರಿಗೆಳೆದುವು. ಅಲ್ಲದೆ, ವೈದ್ಯನು ಗುಂಡು ಇರುವುದೆಂದು ತಾನು ನಂಬಿದ್ದ ಬಲಪಾರ್ಶ್ವವನ್ನಲ್ಲದೆ ಬೇರೆಡೆ ಶೋಧಿಸಗೊಡಲಿಲ್ಲ. ಗುಂಡು ಇದ್ದುದು ಎಡಪಾರ್ಶ್ವದಲ್ಲಿ. ಉಪಕರಣವು ಒಳ್ಳೆಯದಾಗಿದ್ದರೂ ಸುತ್ತಲಿನ ಸ್ಥಿತಿಯನ್ನರಿಯದೆ ಬಳಸಿದರೆ ನಿಷ್ಫಲವೆಂಬ ಪಾಠವು ಅಂದೇ ದೊರೆಯಿತು. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೈನ್ಯಾಧಿಕಾರಿ ಕೊಸಾಟ್ಸ್ಕಿ ಎಂಬವನು ಒಬ್ಬನೇ ಹೊತ್ತು ನಡೆಸಬಹುದಾದ ಯಂತ್ರವನ್ನು ರಚಿಸಿದನು. 1942ರಲ್ಲಿ ಎಲ್ ಅಲಮೈನ್ ಕದನದ ಕಾಲಕ್ಕೆ ಮರಳಿನಲ್ಲಿ ಹೂತಿದ್ದ ಸಿಡಿಗುಂಡುಗಳನ್ನು ಹುಡುಕಲು ಅಂಥ ಸುಮಾರು 500 ಯಂತ್ರಗಳು ಹೋದುವು. ಇಂದಿನ ಯಂತ್ರಗಳೂ ಇದೇ ತತ್ತ್ವವನ್ನು ಅವಲಂಬಿಸಿವೆ.

ಇಲ್ಲಿ ನೆನಪಿಡತಕ್ಕ ಮುಖ್ಯ ಸಂಗತಿಯೆಂದರೆ ಆಳದ ಮಿತಿ. ಸಣ್ಣ ವಸ್ತುವೊಂದು ಎರಡರಷ್ಟು ದೂರಕ್ಕೆ ಸರಿದರೆ ಅದರ ಉತ್ತರವು ಅರ್ಧವಾಗುವುದಿಲ್ಲ. 64ರಲ್ಲಿ ಒಂದು ಪಾಲಿಗೆ ಇಳಿದುಹೋಗುತ್ತದೆ. ಆದುದರಿಂದ ಒಂದು ನಾಣ್ಯವು ಸಾಮಾನ್ಯವಾಗಿ 6ರಿಂದ 10 ಅಂಗುಲದೊಳಗೆ ಇದ್ದರೆ ಮಾತ್ರ ತಿಳಿಯುವುದು. ಕೊಡ, ಪೆಟ್ಟಿಗೆ ಮುಂತಾದ ದೊಡ್ಡ ಲೋಹವು ಇನ್ನೂ ಆಳದಲ್ಲಿ ತಿಳಿಯಬಹುದು. ತಟ್ಟೆಯನ್ನು ನೆಲದಿಂದ ನಾಲ್ಕು ಅಂಗುಲ ಮೇಲೆ ಹಿಡಿದು ನಡೆದವನು ನಾಲ್ಕು ಅಂಗುಲ ಆಳವನ್ನು ಸುಮ್ಮನೆ ಕಳೆದುಕೊಂಡನೆಂದೇ ತಿಳಿಯತಕ್ಕದ್ದು.

ಮಣ್ಣೇ ಒಡ್ಡುವ ಎರಡು ಅಡ್ಡಿಗಳು

ಯಂತ್ರವು ಲೋಹಕ್ಕೆ ಮಾತ್ರವಲ್ಲದೆ ಮಣ್ಣಿಗೂ ಉತ್ತರ ಕೊಡುತ್ತದೆ. ಮಣ್ಣಿನಿಂದ ಬರುವ ಅಡ್ಡಿಗಳು ಎರಡು ವಿಧ. ಮೊದಲನೆಯದು ಆಯಸ್ಕಾಂತಗುಣವುಳ್ಳ ಕಬ್ಬಿಣದ ಖನಿಜಗಳು. ಕೆಂಪು ಮಣ್ಣು, ಜಂಬಿಟ್ಟಿಗೆ, ಕಪ್ಪು ಶಿಲೆಯಿಂದಾದ ಮಣ್ಣು ಇವುಗಳಲ್ಲಿ ಇದು ಹೆಚ್ಚು. ಎರಡನೆಯದು ಉಪ್ಪು. ಉಪ್ಪು ನೀರಿನಲ್ಲಿ ಕರಗಿದಾಗ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ, ಒದ್ದೆಯಾದ ಸವಳು ನೆಲವೇ ಒಂದು ದೊಡ್ಡ ಲೋಹದ ಹಲಗೆಯಂತೆ ಯಂತ್ರಕ್ಕೆ ತೋರುವುದು. ಹೊಸದಾಗಿ ರಾಸಾಯನಿಕ ಗೊಬ್ಬರ ಹಾಕಿದ ಹೊಲವೂ ಮಳೆಯಾದೊಡನೆ ಇದೇ ರೀತಿ ಗೊಣಗುಟ್ಟುವ ಶಬ್ದವನ್ನು ಉಂಟುಮಾಡುವುದುಂಟು.

ಇವುಗಳ ಪೈಕಿ ಕಬ್ಬಿಣದ ಖನಿಜದ ಅಡ್ಡಿಯನ್ನು ನಿವಾರಿಸುವುದಕ್ಕೆ ಯಂತ್ರವನ್ನು ನೆಲದೊಡನೆ ಸರಿದೂಗಿಸಬೇಕು. ಕ್ರಮವೇನೆಂದರೆ: ಲೋಹವಿಲ್ಲದ ಶುದ್ಧವಾದ ಒಂದು ಜಾಗವನ್ನು ಆರಿಸಿಕೊಂಡು, ತಟ್ಟೆಯನ್ನು ಒಂದಡಿಯಷ್ಟು ಮೇಲೆತ್ತಿ ನೆಲದ ಹತ್ತಿರಕ್ಕೆ ಇಳಿಸುತ್ತ ಮತ್ತೆ ಎತ್ತುತ್ತ ಇರಬೇಕು. ಇಳಿಸಿದಾಗ ಅಥವಾ ಎತ್ತಿದಾಗ ಶಬ್ದವು ಹೆಚ್ಚು ಕಡಿಮೆಯಾದರೆ ತಿರುಪನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸಿ, ಎರಡು ಸ್ಥಿತಿಗಳಲ್ಲಿಯೂ ಶಬ್ದವು ಒಂದೇ ಸಮನಾಗುವಂತೆ ಮಾಡಬೇಕು. ಕೆಲವು ಯಂತ್ರಗಳು ಈ ಕೆಲಸವನ್ನು ತಾವಾಗಿಯೇ ಮಾಡಿಕೊಳ್ಳುತ್ತವೆ. ಒಂದೇ ಜಮೀನಿನಲ್ಲಿ ದಿಣ್ಣೆಯ ಮಣ್ಣು ಒಂದು ಬಗೆ, ತಗ್ಗಿನ ಮಣ್ಣು ಇನ್ನೊಂದು ಬಗೆಯಾಗಿರುವುದರಿಂದ, ಮಣ್ಣಿನ ಬಣ್ಣ ಬದಲಾದ ಕಡೆಯಲ್ಲೆಲ್ಲ ಇದನ್ನು ಮತ್ತೆ ಮಾಡತಕ್ಕದ್ದು.

ಸೂಕ್ಷ್ಮತೆಯನ್ನು ಏರಿಸಿದಷ್ಟೂ ಆಳ ಹೆಚ್ಚುವುದೆಂದು ಹೊಸಬರು ಭಾವಿಸುವರು. ಇದು ತಪ್ಪು. ಖನಿಜ ಹೆಚ್ಚಾಗಿರುವ ನೆಲದಲ್ಲಿ ಸೂಕ್ಷ್ಮತೆಯನ್ನು ಏರಿಸಿದರೆ ಮಣ್ಣಿನ ಗಲಾಟೆಯೇ ಏರಿ, ಲೋಹದ ಸಣ್ಣ ಧ್ವನಿಯು ಅದರಲ್ಲಿ ಮುಳುಗಿಹೋಗುತ್ತದೆ. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸದಿರುವಂತೆ ಇದು. ಶಬ್ದವು ಶಾಂತವಾಗುವವರೆಗೆ ಸೂಕ್ಷ್ಮತೆಯನ್ನು ತಗ್ಗಿಸಿದರೆ ನಿಜವಾಗಿ ದೊರೆಯುವ ಆಳವೇ ಹೆಚ್ಚು. ವಿದ್ಯುತ್ ತಂತಿಗಳ ಕೆಳಗೂ ವಿದ್ಯುತ್ ಬೇಲಿಗಳ ಬಳಿಯಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ.

ಉತ್ತ ಹೊಲ ಮತ್ತು ಕೂಳೆಯ ಹೊಲ

ಇಂಗ್ಲೆಂಡಿನಲ್ಲಿ ದೊರೆತಿರುವ ಪ್ರಾಚೀನ ಪದಾರ್ಥಗಳಲ್ಲಿ ಬಹುಪಾಲು ಸಾಗುವಳಿಯ ನೆಲದಿಂದಲೇ ಬಂದಿರುವುವು. ಉಳುಮೆಯು ಪ್ರತಿವರ್ಷವೂ ಮಣ್ಣನ್ನು ತಿರುವಿಹಾಕುವುದರಿಂದ, ಹಿಂದಿನ ವರ್ಷ ಕೈಗೆಟುಕದಿದ್ದ ವಸ್ತುವು ಈ ವರ್ಷ ಮೇಲಕ್ಕೆ ಬರಬಹುದು. 2009ರ ಜುಲೈನಲ್ಲಿ ಸ್ಟಾಫರ್ಡ್‌ಶೈರ್ ಪ್ರಾಂತದ ಉತ್ತ ಹೊಲವೊಂದರಲ್ಲಿ ಆಂಗ್ಲೋ ಸ್ಯಾಕ್ಸನ್ ಕಾಲದ ಸುಮಾರು 4 ಕಿಲೋಗ್ರಾಂ ಚಿನ್ನವೂ ಅದರೊಡನೆ ಬೆಳ್ಳಿಯೂ ದೊರೆತುವು. ಅವೆಲ್ಲವೂ ಬಹಳ ಆಳದಲ್ಲಿರದೆ ಉಳುಮೆಯ ಮಣ್ಣಿನಲ್ಲಿಯೇ ಚೆದರಿದ್ದುವು.

ಆದರೆ ಆಗತಾನೆ ಉತ್ತ ಹೊಲವು ಶೋಧನೆಗೆ ಒಳ್ಳೆಯದಲ್ಲ. ದೊಡ್ಡ ಹೆಂಟೆಗಳ ಮೇಲೆ ತಟ್ಟೆಯು ಕುಪ್ಪಳಿಸುತ್ತ ನೆಲಕ್ಕೂ ತಟ್ಟೆಗೂ ನಡುವೆ ಬಯಲು ಉಳಿಯುತ್ತದೆ; ಮಣ್ಣು ಸಡಿಲವಾಗಿ ಒಳಗೆ ಗಾಳಿಯ ಪೊಳ್ಳುಗಳಿರುತ್ತವೆ. ಹಲುಬೆ ಹೊಡೆದು ಹೆಂಟೆ ಒಡೆದು, ಒಂದು ಮಳೆ ಬಿದ್ದು ಮಣ್ಣು ಕುಳಿತ ಮೇಲೆ ಹೋದರೆ ನೆಲವು ಸಮತಟ್ಟಾಗಿಯೂ ಹದವಾಗಿಯೂ ಇರುವುದು. ಬಿತ್ತನೆಯಾದ ಹೊಲಕ್ಕೆ ಕಾಲಿಡಕೂಡದೆಂಬುದನ್ನು ಹೇಳಬೇಕಾಗಿಯೇ ಇಲ್ಲ.

ಕೂಳೆಯ ಹೊಲದಲ್ಲಿ ಕೂಳೆಯ ಎತ್ತರವೇ ತೊಡಕು. ಕೂಳೆಯನ್ನು ಗಿಡ್ಡವಾಗಿ ಕೊಯ್ದಿದ್ದರೆ ಚಿಕ್ಕ ತಟ್ಟೆಯನ್ನು ಸಾಲುಗಳ ನಡುವೆ ನಡೆಯಿಸಬಹುದು. ಎತ್ತರವಾಗಿದ್ದರೆ ಅದನ್ನು ಉತ್ತು ಮಗುಚುವವರೆಗೆ ಕಾಯುವುದು ಲೇಸು.

ಎರಡು ಬಗೆಯ ಹೊಲಗಳಲ್ಲಿಯೂ ತಟ್ಟೆಯನ್ನು ಬೀಸುವ ಕ್ರಮ ಒಂದೇ. ತಟ್ಟೆಯು ನೆಲಕ್ಕೆ ಸಮಾನಾಂತರವಾಗಿ, ತಾಗಿಯೂ ತಾಗದ ಹಾಗೆ ಚಲಿಸಬೇಕು. ಕುಡುಗೋಲು ಬೀಸುವಂತೆ ತುದಿಗಳಲ್ಲಿ ಮೇಲಕ್ಕೆ ಎತ್ತಕೂಡದು. ಒಂದು ಬೀಸು ಹಿಂದಿನ ಬೀಸಿನ ಅರ್ಧವನ್ನಾದರೂ ಮುಚ್ಚಬೇಕು. ಏಕೆಂದರೆ ಹಲವು ತಟ್ಟೆಗಳ ಕ್ಷೇತ್ರವು ಕೆಳಗೆ ಹೋದಂತೆ ಬುಗುರಿಯಂತೆ ಕಿರಿದಾಗುವುದು. ಹೊಲವನ್ನು ಕೋಲು ನೆಟ್ಟು ಪಟ್ಟಿಗಳಾಗಿ ವಿಂಗಡಿಸಿಕೊಂಡು ಒಮ್ಮೆ ಉದ್ದಕ್ಕೂ, ಮತ್ತೊಮ್ಮೆ ಅಡ್ಡಲಾಗಿಯೂ ನಡೆದವನಿಗೆ ದೊರೆಯುವುದು, ಮನಬಂದಂತೆ ಅಲೆದವನಿಗೆ ದೊರೆಯಲಾರದು. ನಿಧಾನವೇ ಈ ಕೆಲಸದಲ್ಲಿ ಮುಖ್ಯವಾದ ಗುಣ.

ಹೊಲಕ್ಕೆ ಹಾಕಿದ ಗೊಬ್ಬರದಿಂದಲೂ ತೊಂದರೆ ಬರುವುದುಂಟು. ಇಂಗ್ಲೆಂಡಿನಲ್ಲಿ ಪಟ್ಟಣಗಳ ಕಸದಿಂದ ತಯಾರಿಸಿದ ಗೊಬ್ಬರವನ್ನು ಹರಡಿದ ಕೆಲವು ಹೊಲಗಳು ಅಲ್ಯುಮಿನಿಯಂ ಚೂರುಗಳಿಂದ ತುಂಬಿ, ಮುಂದೆ ಯಾವ ಶೋಧನೆಗೂ ಬಾರದಂತಾಗಿವೆ. ಇಂಥ ಗೊಬ್ಬರವನ್ನು ಕೊಳ್ಳುವ ರೈತನು ಒಂದು ಹಿಡಿಯನ್ನು ಹರಡಿ ನೋಡಿ, ತಂತಿ, ತಗಡು, ಗಾಜು ಇವೆಯೇ ಎಂದು ಪರೀಕ್ಷಿಸಿಕೊಳ್ಳುವುದು ಶೋಧನೆಗಾಗಿ ಅಲ್ಲದಿದ್ದರೂ ದನಕರುಗಳ ಹಿತಕ್ಕಾಗಿ ಅವಶ್ಯಕ.

ಹುಲ್ಲುಗಾವಲು

ಉಳದೆ ಬಿಟ್ಟ ಹುಲ್ಲುನೆಲದಲ್ಲಿ ವಸ್ತುಗಳು ವರ್ಷೇ ವರ್ಷೇ ಕೆಳಕ್ಕೆ ಇಳಿಯುತ್ತವೆ. ಎರೆಹುಳುಗಳು ಕೆಳಗಿನ ಮಣ್ಣನ್ನು ತಿಂದು ಮೇಲೆ ಹಿಕ್ಕೆಯಾಗಿ ಹಾಕುವುದೇ ಇದಕ್ಕೆ ಕಾರಣ. ಚಾರ್ಲ್ಸ್ ಡಾರ್ವಿನ್ ಪಂಡಿತನು 1842ರಲ್ಲಿ ತನ್ನ ಮನೆಯ ಬಳಿಯ ಹುಲ್ಲುಗಾವಲಿನಲ್ಲಿ ಸೀಮೆಸುಣ್ಣದ ಚೂರುಗಳನ್ನು ಹರಡಿಸಿ, 29 ವರ್ಷಗಳ ಮೇಲೆ ಅಗೆಯಿಸಿ ನೋಡಲಾಗಿ ಅವು 7 ಅಂಗುಲ ಆಳದಲ್ಲಿ ಸಾಲಾಗಿದ್ದುವು. ಈ ವಿಚಾರವನ್ನು ಅವನು 1881ರಲ್ಲಿ ಪ್ರಕಟಿಸಿದ ಎರೆಹುಳುಗಳನ್ನು ಕುರಿತ ಗ್ರಂಥದಲ್ಲಿ ವಿವರಿಸಿದ್ದಾನೆ. ಆದುದರಿಂದ ಹುಲ್ಲುನೆಲದಲ್ಲಿ ಹಳೆಯ ವಸ್ತುಗಳು ಆಳದಲ್ಲಿರುವುದಲ್ಲದೆ, ಅವುಗಳ ಧ್ವನಿಯೂ ಕ್ಷೀಣವಾಗಿರುವುದು. ಮಳೆಯಾದ ಮೇಲೆ ನೆಲ ತೇವವಾಗಿರುವಾಗ ಶೋಧಿಸುವುದು ಇಲ್ಲಿ ಎರಡು ವಿಧದಲ್ಲಿ ಅನುಕೂಲ: ಧ್ವನಿ ಸಾಮಾನ್ಯವಾಗಿ ಸ್ಪಷ್ಟವಾಗುವುದು, ಹುಲ್ಲಿನ ಹೆಪ್ಪನ್ನು ಕೆಡದಂತೆ ಕತ್ತರಿಸಬಹುದು. ಬೇಸಗೆಯಲ್ಲಿ ಕತ್ತರಿಸಿದ ಹುಲ್ಲು ಬೇರೂರದೆ ಒಣಗಿಹೋಗುವುದರಿಂದ ಆಗ ಅಗೆಯಕೂಡದು.

ಹುಲ್ಲಿನ ಹೆಪ್ಪನ್ನು ಲಾಳದ ಆಕಾರದಲ್ಲಿ ಮೂರು ಕಡೆ ಕೊಯ್ದು, ನಾಲ್ಕನೆಯ ಕಡೆಯನ್ನು ಕದದ ತಿರುಗಣೆಯಂತೆ ಉಳಿಸಿ ಮಗುಚಬೇಕು. ಮಣ್ಣನ್ನು ಹುಲ್ಲಿನ ಮೇಲೆ ಎಸೆಯದೆ ಒಂದು ಗೋಣಿಯ ಮೇಲೆ ಹಾಕಿ, ಕೆಲಸ ಮುಗಿದ ಕೂಡಲೇ ಗುಳಿಗೆ ಸುರಿದು, ಹೆಪ್ಪನ್ನು ಮುಚ್ಚಿ ಕಾಲಿನಿಂದ ತುಳಿಯಬೇಕು. ತೆರೆದುಬಿಟ್ಟ ಗುಳಿಯಲ್ಲಿ ಹಸುವಿನ ಕಾಲು ಮುರಿಯಬಹುದು. ಅಗೆದು ತೆಗೆದ ತಂತಿಯ ತುಂಡನ್ನೋ ಮೊಳೆಯನ್ನೋ ಅಲ್ಲಿಯೇ ಎಸೆದರೆ ದನಗಳು ಮೇವಿನೊಡನೆ ನುಂಗುವುವು. ಅದು ಎರಡನೆಯ ಹೊಟ್ಟೆಯಲ್ಲಿ ನಿಂತು, ಚುಚ್ಚಿ, ಹೃದಯದವರೆಗೂ ಮುಟ್ಟಿ ಪ್ರಾಣ ತೆಗೆಯುವುದು ಪಶುವೈದ್ಯರಿಗೆ ತಿಳಿದ ಸಂಗತಿ. ಶೋಧಿಸುವವನು ಸಿಕ್ಕಿದ ಕಸವನ್ನೆಲ್ಲ ಚೀಲದಲ್ಲಿ ಕೊಂಡೊಯ್ಯಬೇಕೆಂಬ ನಿಯಮಕ್ಕೆ ಇದೇ ಕಾರಣ.

ಹಳೆಯ ಹಟ್ಟಿಯ ನೆಲ

ಜನರು ವಾಸವಾಗಿದ್ದು ಬಿಟ್ಟುಹೋದ ಹಾಳೂರುಗಳಲ್ಲಿ ಮೊಳೆ, ಲಾಳ, ಸರಪಣಿಯ ಕೊಂಡಿ ಮುಂತಾದ ಕಬ್ಬಿಣದ ಕಸವೇ ಹೆಚ್ಚು. ಇಲ್ಲಿ ದೊಡ್ಡ ತಟ್ಟೆಯು ಏಕಕಾಲದಲ್ಲಿ ನಾಲ್ಕಾರು ಮೊಳೆಗಳನ್ನು ಕಂಡು ಗೊಂದಲಗೊಳ್ಳುವುದರಿಂದ ಆರೇಳು ಅಂಗುಲದ ಚಿಕ್ಕ ತಟ್ಟೆಯೇ ಯೋಗ್ಯ. ಯಂತ್ರದಲ್ಲಿ ಕಬ್ಬಿಣವನ್ನು ಬೇರ್ಪಡಿಸಿ ಅದರ ಶಬ್ದವನ್ನು ಅಡಗಿಸುವ ಏರ್ಪಾಡು ಇರುವುದು. ಅದನ್ನು ಅತಿಯಾಗಿ ಬಳಸಿದರೆ, ಮೊಳೆಯ ಪಕ್ಕದಲ್ಲಿರುವ ನಾಣ್ಯದ ಶಬ್ದವೂ ಮೊಳೆಯೊಡನೆ ಅಡಗಿಹೋಗುವುದು. ಇದಲ್ಲದೆ ಅಲ್ಯುಮಿನಿಯಂ ಕಾಗದದ ಚೂರು ಮತ್ತು ತೆಳುವಾದ ಚಿನ್ನದ ಉಂಗುರ ಇವೆರಡೂ ಯಂತ್ರಕ್ಕೆ ಬಹುಮಟ್ಟಿಗೆ ಒಂದೇ ತೆರನಾಗಿ ಕಾಣುವುವು. ಇದು ಚಿನ್ನವೇ ಎಂದು ನಿಶ್ಚಯವಾಗಿ ಹೇಳಬಲ್ಲ ಯಂತ್ರ ಯಾವುದೂ ಇಲ್ಲ. ಅಗೆದು ನೋಡುವವರೆಗೆ ಎಲ್ಲವೂ ಊಹೆಯೇ.

ಕೆಂಪು ನೆಲ, ಕಬ್ಬಿಣಗಲ್ಲಿನ ನೆಲ

ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದ ಚಿನ್ನದ ಸೀಮೆಗಳಲ್ಲಿ ಮಣ್ಣು ಕಬ್ಬಿಣದ ಖನಿಜದಿಂದ ತುಂಬಿರುವುದು. ಇಂಗ್ಲೆಂಡಿನ ಹೊಲದಲ್ಲಿ ಚೆನ್ನಾಗಿ ನಡೆಯುವ ಯಂತ್ರವು ಅಲ್ಲಿ ಹೆಜ್ಜೆಹೆಜ್ಜೆಗೂ ಕೂಗುವುದು. ನೆಲದೊಡನೆ ಸರಿದೂಗಿಸಿದ ಮೇಲೆಯೂ, ಸುತ್ತಲಿನ ಮಣ್ಣಿಗಿಂತ ಹೆಚ್ಚು ಖನಿಜವುಳ್ಳ ಒಂದು ಕಲ್ಲು ಲೋಹದಂತೆ ಧ್ವನಿಗೊಡುವುದುಂಟು. ಅಲ್ಲಿಯವರು ಇಂಥ ನೆಲದಲ್ಲಿ ಬೇರೊಂದು ಬಗೆಯ ಯಂತ್ರವನ್ನು ಬಳಸುವರು. ಅದರಲ್ಲಿ ವಿದ್ಯುತ್ತು ಎಡೆಬಿಡದೆ ಹರಿಯದೆ ಮಿಡಿತಗಳಾಗಿ ಹೊರಟು ನಿಲ್ಲುತ್ತದೆ. ನಿಂತ ಮರುಕ್ಷಣದಲ್ಲಿ ನೆಲದಿಂದ ಬರುವ ಮರುಧ್ವನಿಯನ್ನು ಯಂತ್ರವು ಆಲಿಸುತ್ತದೆ. ಮಣ್ಣಿನ ಉತ್ತರವು ಬಲುಬೇಗ ಅಳಿದುಹೋಗುವುದರಿಂದ ಲೋಹದ ಉತ್ತರವು ಉಳಿದು ಕೇಳಿಸುವುದು. ಆದರೆ ಇಂಥ ಯಂತ್ರವು ಕಬ್ಬಿಣವನ್ನು ಚೆನ್ನಾಗಿ ಬೇರ್ಪಡಿಸಲಾರದಾಗಿ, ಎಲ್ಲವನ್ನೂ ಅಗೆಯಬೇಕಾಗುವುದು.

1980ರ ಸೆಪ್ಟೆಂಬರಿನಲ್ಲಿ ವಿಕ್ಟೋರಿಯದ ಕಿಂಗವರ್ ಎಂಬಲ್ಲಿ 27 ಕಿಲೋಗ್ರಾಂಗೂ ಮೀರಿದ ಚಿನ್ನದ ಗಟ್ಟಿಯೊಂದು ಯಂತ್ರದ ಸಹಾಯದಿಂದ ದೊರೆಯಿತು. ಅದಿದ್ದುದು ಸುಮಾರು ಒಂದು ಅಡಿ ಆಳದಲ್ಲಿ ಮಾತ್ರ. ನೂರು ವರ್ಷಗಳಿಗೂ ಹೆಚ್ಚು ಕಾಲ ಜನರು ಚಿನ್ನಕ್ಕಾಗಿ ಅಲೆದಾಡಿದ ಸೀಮೆಯಲ್ಲಿ ಅದು ಕಣ್ಣಿಗೆ ಬೀಳದೆ ಉಳಿದಿತ್ತು. ಇದನ್ನು ಕೇಳಿ ಎಲ್ಲ ನೆಲದಲ್ಲಿಯೂ ಚಿನ್ನವಿರುವುದೆಂದು ಭಾವಿಸಕೂಡದು. ಚಿನ್ನದ ಶಿಲೆಗಳಿರುವ ಸೀಮೆಯಲ್ಲಲ್ಲದೆ ಗಟ್ಟಿಗಳು ಹುಟ್ಟುವುದಿಲ್ಲ.

ಕರ್ನಾಟಕದ ನೆಲವೂ ಈ ವಿಷಯದಲ್ಲಿ ಸುಲಭವಾದುದಲ್ಲ. ಮಲೆನಾಡು ಮತ್ತು ಕರಾವಳಿಯ ಜಂಬಿಟ್ಟಿಗೆಯ ನೆಲವು ಕಬ್ಬಿಣದ ಅಂಶದಿಂದಲೇ ಕೆಂಪಾಗಿರುವುದು. ಈ ಶಿಲೆಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನು, 1800 ಮತ್ತು 1801ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರ್ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು. ಉತ್ತರದ ಎರೆಭೂಮಿಗಳಲ್ಲಿ ಕಪ್ಪು ಶಿಲೆಯಿಂದ ಹುಟ್ಟಿದ ಮಣ್ಣು ಆಯಸ್ಕಾಂತಗುಣದ ಖನಿಜವನ್ನು ಒಳಗೊಂಡಿರುವುದು. ಇಂಥ ನೆಲಗಳಲ್ಲಿ ಕಳೆದುಹೋದ ಗುಳವನ್ನೋ ಹೂತುಹೋದ ಕಬ್ಬಿಣದ ಕೊಳವೆಯನ್ನೋ ಹುಡುಕುವಾಗ ಸೂಕ್ಷ್ಮತೆಯನ್ನು ತಗ್ಗಿಸಿ, ಚಿಕ್ಕ ತಟ್ಟೆಯನ್ನು ಹಾಕಿ, ಆಗಾಗ್ಗೆ ಸರಿದೂಗಿಸುತ್ತ, ನಿಧಾನವಾಗಿ ನಡೆಯತಕ್ಕದ್ದು.

ಸಮುದ್ರತೀರ

ಸಮುದ್ರತೀರದ ಒಣ ಮರಳು ಎಲ್ಲಕ್ಕಿಂತ ಸುಲಭವಾದ ನೆಲ. ಅಲೆಯಿಂದ ತೊಯ್ದ ಮರಳಾದರೋ ಉಪ್ಪಿನ ದೆಸೆಯಿಂದ ಕಷ್ಟವಾದುದು. ಒಂದೇ ವೇಗದ ಕಂಪನವುಳ್ಳ ಸಾಧಾರಣ ಯಂತ್ರವು ಅಲ್ಲಿ ಸುಳ್ಳು ಧ್ವನಿಗಳನ್ನು ಕೊಡುವುದರಿಂದ, ಏಕಕಾಲದಲ್ಲಿ ಹಲವು ಕಂಪನಗಳನ್ನು ಬಳಸುವ ಯಂತ್ರವನ್ನೋ ಮೇಲೆ ಹೇಳಿದ ಮಿಡಿತದ ಯಂತ್ರವನ್ನೋ ಉಪಯೋಗಿಸುವರು. ನೀರಿನ ಅಂಚಿಗೆ ಸಮಾನಾಂತರವಾಗಿ ನಡೆದರೆ ಮರಳಿನ ತೇವವು ಒಂದೇ ಸಮನಾಗಿದ್ದು ಯಂತ್ರವು ಶಾಂತವಾಗಿರುವುದು; ಒಣ ಮರಳಿನಿಂದ ಒದ್ದೆ ಮರಳಿಗೆ ಅಡ್ಡಾಡಿದರೆ ಪ್ರತಿ ಹೆಜ್ಜೆಗೂ ಸ್ಥಿತಿ ಬದಲಾಗುವುದು.

ಜಮೀನಿನ ಯಜಮಾನನ ಹಕ್ಕು ಮತ್ತು ಹೊಣೆ

ಇಂಗ್ಲೆಂಡಿನಲ್ಲಿ ಜಮೀನಿನ ಯಜಮಾನನ ಅನುಮತಿಯಿಲ್ಲದೆ ಯಾರೂ ಅವನ ನೆಲದಲ್ಲಿ ಶೋಧಿಸಕೂಡದು. ರಕ್ಷಿತ ಸ್ಥಳಗಳಲ್ಲಿ ಸರಕಾರದ ಲಿಖಿತ ಅಪ್ಪಣೆಯಿಲ್ಲದೆ ಯಂತ್ರವನ್ನು ಬಳಸುವುದು 1979ರ ಕಾಯಿದೆಯಂತೆ ಅಪರಾಧ. ಹಾಕ್ಸನ್ ನಿಧಿಗೆ 17 ಲಕ್ಷ 50 ಸಾವಿರ ಪೌಂಡುಗಳ ಬಹುಮಾನ ಬಂದಾಗ, ಆಗಿನ ಪದ್ಧತಿಯಂತೆ ಅದು ಕಂಡುಹಿಡಿದವನಿಗೆ ಸಲ್ಲತಕ್ಕದ್ದಾಗಿತ್ತು. ಅವನು ಸ್ವಸಂತೋಷದಿಂದ ಒಕ್ಕಲಿಗನೊಡನೆ ಹಂಚಿಕೊಂಡನು. 1996ರ ನಿಧಿ ಕಾಯಿದೆಯು 1997ರಲ್ಲಿ ಜಾರಿಗೆ ಬಂದ ಮೇಲೆ ಭೂಮಿಯ ಯಜಮಾನನಿಗೂ ಸಾಗುವಳಿದಾರನಿಗೂ ಬಹುಮಾನದಲ್ಲಿ ಪಾಲು ಪಡೆಯಲು ಅವಕಾಶವಾಯಿತು. ಸ್ಟಾಫರ್ಡ್‌ಶೈರಿನ ನಿಧಿಗೆ ಕಟ್ಟಿದ 32 ಲಕ್ಷ 85 ಸಾವಿರ ಪೌಂಡುಗಳ ಬೆಲೆಯನ್ನು ಕಂಡವನಿಗೂ ಜಮೀನಿನವನಿಗೂ ಸಮಭಾಗ ಮಾಡಲಾಯಿತು. ನಿಧಿಯೆಂದು ತೋರಿದ ವಸ್ತುವನ್ನು 14 ದಿನಗಳೊಳಗೆ ತಿಳಿಸಬೇಕೆಂಬುದು ಆ ಕಾಯಿದೆಯ ವಿಧಿ. ನಿಧಿಯಲ್ಲದ ಸಾಮಾನ್ಯ ವಸ್ತುಗಳನ್ನು ಸ್ವಇಚ್ಛೆಯಿಂದ ದಾಖಲೆ ಮಾಡಿಸಲು 1997ರಿಂದ ಏರ್ಪಾಡಾಗಿ, 15 ಲಕ್ಷಕ್ಕೂ ಮೀರಿದ ವಸ್ತುಗಳ ವಿವರ ಸಂಗ್ರಹವಾಗಿದೆ. ಉಳುಮೆಯ ಪದರದ ಕೆಳಕ್ಕೆ ಅಗೆಯದೆ ನಿಲ್ಲಬೇಕೆಂಬುದು ಅಲ್ಲಿಯ ಶೋಧಕರು ಒಪ್ಪಿಕೊಂಡಿರುವ ನಡವಳಿಕೆಯ ನಿಯಮ. ಕದಲದ ಮಣ್ಣಿನಲ್ಲಿಯೇ ವಸ್ತುವಿನ ಚರಿತ್ರೆಯು ಅಡಗಿರುವುದು.

ಇದಕ್ಕೆ ವಿರುದ್ಧವಾಗಿ ನಡೆದವರ ಗತಿಯನ್ನೂ ತಿಳಿಯತಕ್ಕದ್ದು. 2015ರಲ್ಲಿ ಹೆರೆಫರ್ಡ್‌ಶೈರಿನ ಲೆಮ್‌ಸ್ಟರ್ ಪಟ್ಟಣದ ಸಮೀಪದ ಹೊಲವೊಂದರಲ್ಲಿ ಇಬ್ಬರು ಒಂಬತ್ತನೆಯ ಶತಮಾನದ ಚಿನ್ನದ ಒಡವೆಗಳನ್ನೂ ಬೆಳ್ಳಿಯ ನಾಣ್ಯಗಳನ್ನೂ ಅಗೆದು, ಜಮೀನಿನವರಿಗೂ ಸರಕಾರಕ್ಕೂ ತಿಳಿಸದೆ ಮಾರಲು ತೊಡಗಿದರು. ನಾಣ್ಯಗಳು ಸುಮಾರು 300 ಇದ್ದುವೆಂದು ಅವರೇ ತೆಗೆದು ಅಳಿಸಿದ್ದ ಚಿತ್ರಗಳಿಂದ ಗೊತ್ತಾಯಿತು. 2019ರಲ್ಲಿ ವಿಚಾರಣೆ ನಡೆದಾಗ ಕೈಗೆ ಸಿಕ್ಕಿದ್ದುವು ಸುಮಾರು 30 ಮಾತ್ರ. ಇಬ್ಬರಿಗೂ ಕಾರಾಗೃಹವಾಯಿತು. ಸಿಕ್ಕಿದ ಕೆಲವು ನಾಣ್ಯಗಳೇ ಆ ಕಾಲದ ಇಬ್ಬರು ಅರಸರು ಮಿತ್ರರಾಗಿದ್ದುದಕ್ಕೆ ಸಾಕ್ಷಿ ನುಡಿದು, ಆ ದೇಶದ ಚರಿತ್ರೆಯನ್ನು ತಿದ್ದಿದುವು. ಚೆದರಿಹೋದ ಮಿಕ್ಕವು ಏನನ್ನು ಹೇಳುತ್ತಿದ್ದುವೋ ಅದು ನಷ್ಟವಾಯಿತು. ಜಮೀನಿನವರು ಕಾಯಿದೆಯಂತೆ ಪಡೆಯಬಹುದಾಗಿದ್ದ ಪಾಲೂ ಅವುಗಳೊಡನೆ ಹೋಯಿತು.

ನಮ್ಮ ಗ್ರಾಮಗಳಲ್ಲಿ ವಹಿಸತಕ್ಕ ಎಚ್ಚರ

ಭಾರತದಲ್ಲಿ ನೆಲದಲ್ಲಿ ಅಡಗಿರುವ ನಿಧಿಯ ವಿಷಯದಲ್ಲಿ 1878ರಲ್ಲಿಯೇ ಕಾಯಿದೆಯಾಯಿತು. ಕರ್ನಾಟಕದಲ್ಲಿ 1962ರಲ್ಲಿ ಪ್ರತ್ಯೇಕ ಕಾಯಿದೆಯಾಗಿದೆ. ನಿಧಿ ದೊರೆತವನು ಸರಕಾರಕ್ಕೆ ತಿಳಿಸತಕ್ಕದ್ದು. ಬಚ್ಚಿಡುವುದು ದಂಡನೆಗೆ ಗುರಿಮಾಡುವುದು. ಅದಲ್ಲದೆ 1958ರ ಕೇಂದ್ರ ಕಾಯಿದೆಯಂತೆ ರಕ್ಷಿತ ಪ್ರಾಚೀನ ಸ್ಥಳಗಳಲ್ಲಿ ಅಪ್ಪಣೆಯಿಲ್ಲದೆ ಅಗೆಯುವುದು ನಿಷಿದ್ಧವಾಗಿದೆ. 1972ರ ಕಾಯಿದೆಯಂತೆ ನೂರು ವರ್ಷಕ್ಕೆ ಮೀರಿದ ನಾಣ್ಯ, ವಿಗ್ರಹ ಮೊದಲಾದುವು ಪುರಾತನ ವಸ್ತುಗಳೆನಿಸುವುವು. ಅವನ್ನು ಮನಬಂದಂತೆ ವ್ಯಾಪಾರ ಮಾಡಲಾಗದು.

ನಿಧಿಯಾಸೆಯಿಂದ ಹಾಳುಗುಡಿಗಳ ಪೀಠವನ್ನು ಕಿತ್ತು, ವೀರಗಲ್ಲುಗಳನ್ನು ಉರುಳಿಸಿ, ಲಿಂಗದ ಕೆಳಗೆ ಅಗೆದಿರುವ ದೃಶ್ಯವು ನಮ್ಮ ನಾಡಿನಲ್ಲಿ ಅಪರೂಪವಲ್ಲ. ಹೀಗೆ ಅಗೆಯುವವರು ಮೊದಲು ಅಂಜನವನ್ನು ನಂಬುತ್ತಿದ್ದರು; ಈಗ ಅಂಜನದೊಡನೆ ಯಂತ್ರವನ್ನೂ ತರುವರು. ನೂರಾರು ಗಜ ದೂರದಿಂದಲೇ ಚಿನ್ನದ ಕಡೆಗೆ ತಿರುಗುವುದೆಂದು ಹೇಳಿ ಕಡ್ಡಿಯಂಥ ಉಪಕರಣಗಳನ್ನು ಮಾರುವವರೂ ಇರುವರು. ಮೇಲೆ ವಿವರಿಸಿದ ಆಳದ ಮಿತಿಯನ್ನು ನೆನಪಿಟ್ಟುಕೊಂಡರೆ ಈ ಮಾತು ಸುಳ್ಳೆಂಬುದು ತಾನಾಗಿಯೇ ವಿಶದವಾಗುವುದು. ಗಾಲ್ಫ್ ಆಟದ ಚೆಂಡನ್ನು ಹುಡುಕಿಕೊಡುವುದೆಂದು ಮಾರುತ್ತಿದ್ದ ಆಟಿಕೆಯೊಂದನ್ನು ಅನುಸರಿಸಿ ಮಾಡಿದ ಉಪಕರಣವನ್ನು, ಸಿಡಿಮದ್ದು ಕಂಡುಹಿಡಿಯುವ ಯಂತ್ರವೆಂದು ಹಲವು ದೇಶಗಳಿಗೆ ಮಾರಿದವನೊಬ್ಬನಿಗೆ 2013ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವು ಹತ್ತು ವರ್ಷಗಳ ಶಿಕ್ಷೆಯನ್ನು ವಿಧಿಸಿತು. ಸರಕಾರಗಳೇ ಮೋಸಹೋದ ಮೇಲೆ ಹಳ್ಳಿಯವರು ಎಷ್ಟು ಜಾಗರೂಕರಾಗಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆದುದರಿಂದ ಗ್ರಾಮಮುಖಂಡರೂ ಜಮೀನಿನ ಯಜಮಾನರೂ ಈ ಕೆಳಗಿನ ಸಂಗತಿಗಳನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು.

1. ಕಳೆದುಹೋದ ಉಪಕರಣ, ಹೂತಿರುವ ಕೊಳವೆ, ಮೇವಿನ ನೆಲದಲ್ಲಿನ ತಂತಿ ಮೊಳೆ ಇವನ್ನು ಹುಡುಕುವುದಕ್ಕೆ ಲೋಹಶೋಧಕ ಯಂತ್ರವು ಒಳ್ಳೆಯ ಸಾಧನ. ಹಗಲಿನಲ್ಲಿ, ತಮ್ಮ ಸ್ವಂತ ನೆಲದಲ್ಲಿ ಅದನ್ನು ಬಳಸುವುದು.

2. ನೆಲದ ಬಣ್ಣ, ತೇವ, ಗೊಬ್ಬರ ಇವನ್ನು ನೋಡಿಕೊಂಡು ಯಂತ್ರವನ್ನು ಸರಿದೂಗಿಸುವುದು. ಹಲುಬೆ ಹೊಡೆದು ಮಳೆ ಬಿದ್ದು ಕುಳಿತ ಹೊಲವೇ ಶೋಧನೆಗೆ ಅತ್ಯುತ್ತಮ.

3. ಹೊರಗಿನವರು ನಿಧಿ ತೋರಿಸುವೆವೆಂದು ಬಂದರೆ, ಅದರಲ್ಲಿಯೂ ರಾತ್ರಿಯ ವೇಳೆಯಲ್ಲಿ ಗುಡಿ, ಕೋಟೆ, ಹಾಳೂರುಗಳ ಬಳಿ ಸುಳಿದರೆ, ಅವರಿಗೆ ಅವಕಾಶ ಕೊಡದೆ ಪೋಲೀಸಿನವರಿಗೆ ತಿಳಿಸುವುದು.

4. ಉಳುವಾಗ ಅಥವಾ ಪಾಯ ತೋಡುವಾಗ ಹಳೆಯ ನಾಣ್ಯ, ಪಾತ್ರೆ, ವಿಗ್ರಹ ಕಂಡುಬಂದರೆ ಅಲ್ಲಿಯೇ ಕೆಲಸ ನಿಲ್ಲಿಸುವುದು. ಉಜ್ಜುವುದಾಗಲಿ ತೊಳೆಯುವುದಾಗಲಿ ಹಂಚಿಕೊಳ್ಳುವುದಾಗಲಿ ಮಾಡದೆ, ಜಾಗಕ್ಕೆ ಗುರುತಿಟ್ಟು ಕಾವಲಿಟ್ಟು, ತಹಶೀಲ್ದಾರರಿಗೆ ಸುದ್ದಿ ಕೊಡುವುದು.

5. ಸಿಡಿಗುಂಡಿನಂಥ ವಸ್ತು ಕಂಡರೆ ಮುಟ್ಟದೆ, ಜನರನ್ನು ದೂರ ಕಳುಹಿಸಿ, ಕೂಡಲೇ ಪೋಲೀಸಿನವರಿಗೆ ತಿಳಿಸುವುದು.

ಸುತ್ತಿಗೆಯನ್ನು ಹುಡುಕಲು ಹೋದ ಆ ಇಬ್ಬರು, ಕೈಗೆ ಬಂದ ಬಂಗಾರವನ್ನು ಇದ್ದಲ್ಲಿಯೇ ಬಿಟ್ಟು ಸುದ್ದಿ ಕೊಡಲು ಹೊರಟರು. ಆ ಹೊತ್ತಿನಲ್ಲಿ ಅವರ ನೆರವಿಗೆ ಬಂದುದು ಯಂತ್ರವಲ್ಲ, ಅವರ ವಿವೇಕ. ಬಹುಮಾನವೂ ಒಳ್ಳೆಯ ಹೆಸರೂ ಅದರಿಂದಲೇ ಅವರಿಗೆ ಲಭಿಸಿದುವು. ಉಳುವ ನೆಲವು ಪ್ರತಿವರ್ಷವೂ ಫಲ ಕೊಡುವುದು. ಅಡಿಯಲ್ಲಿರುವ ಹಿಂದಿನವರ ಸಾಕ್ಷ್ಯವಾದರೋ ಒಂದು ಸಲ ಕಿತ್ತರೆ ಮತ್ತೆ ದೊರೆಯದು. ಅದನ್ನು ಕಾಪಾಡುವ ಹೊಣೆಯು ಮೊದಲಿಗೆ ಆ ನೆಲದ ಯಜಮಾನನ ಮೇಲೆಯೇ ಇರುವುದು.